ಗೇಟಿನ ಹೊರಗಿನಿಂದ ಉತ್ತರ

"ಮೊದಲು ಹುಡುಗರ ಕಕ್ಕಸು ಮುಗಿಸು. ಆಮೇಲೆ ಸೋಪು ಹಚ್ಚಿ ತೊಳ್ಕೊ, ಫಿನಾಯಿಲ್ ವಾಸನೆ ಹೊಡೀಬಾರ್ದು. ಹತ್ತು ಗಂಟೆಗೆ ಕಪ್ಪು ಲಂಗ ಹಾಕ್ಕೊಂಡು ಅಂಗಳದಲ್ಲಿ ನಿಂತಿರ್ಬೇಕು."

ಹೆಡ್‌ಮಿಸ್ ಡನ್‌ಫೋರ್ಡ್ ಬಾಗಿಲಲ್ಲೇ ಇಷ್ಟು ಹೇಳಿ, ಮೂಗಿಗೆ ಕರ್ಚೀಫು ಹಿಡಿದುಕೊಂಡು ಹೋದಳು. ರಿಪೆಕಾ ಉಜ್ಜುವುದನ್ನು ನಿಲ್ಲಿಸಲಿಲ್ಲ. ನೆಲದ ಮೂಲಜನರ ಮಾವೋರಿ ಭಾಷೆಯನ್ನು ಬೆಳೆಸಿದ್ದಕ್ಕೆ ಶಾಲೆಗೆ ಫಲಕ ಕೊಡಲು ರಾಜಧಾನಿ ವೆಲಿಂಗ್ಟನ್ನಿನಿಂದ ದೊಡ್ಡವರು ಬರುವವರಿದ್ದರು. ಬೆಳೆಸಿದ್ದು ಯಾರು ಎಂದು ಯಾರೂ ಕೇಳಿರಲಿಲ್ಲ. ಆರು ವರ್ಷದಿಂದ ದಿನವೂ ಕಸ ಗುಡಿಸಿ, ಕೈ ಒರೆಸಿಕೊಂಡು, ಹಿಂದಿನ ಕೋಣೆಯ ಚಾಪೆಯ ಮೇಲೆ ನಲವತ್ತು ಮಕ್ಕಳಿಗೆ ಆ ಭಾಷೆಯ ಮಾತು ಕಲಿಸಿದವಳು ರಿಪೆಕಾ. ಚಿಕ್ಕಂದಿನಲ್ಲಿ ಇದೇ ಶಾಲೆಯಲ್ಲಿ, ಇದೇ ಮಾತಾಡಿದ್ದಕ್ಕೆ, ಚರ್ಮದ ಪಟ್ಟಿಯಿಂದ ಅಂಗೈ ಬಿರಿಯುವಂತೆ ಏಟು ತಿಂದವಳು. ಮಕ್ಕಳು ಮನೆಗೆ ಹೋಗಿ ಆ ಮಾತಿನಲ್ಲೇ ಊಟ ಕೇಳಿದಾಗ ಮರದ ಮಿಲ್ಲಿನಲ್ಲಿ ದುಡಿಯುವ ಅಪ್ಪಂದಿರೂ ತಡವರಿಸಿಕೊಂಡು ಅದರಲ್ಲೇ ಉತ್ತರ ಕೊಡತೊಡಗಿದ್ದರು. ಬರುವ ವರ್ಷ ಇದು ಕಾಯಂ ತರಗತಿ ಎಂದು ಡನ್‌ಫೋರ್ಡ್ ಎಲ್ಲರೆದುರು ಮಾತು ಕೊಟ್ಟಿದ್ದಳು.

ಬಕೆಟ್ ಹಿಡಿದು ಹಿಂದಿನ ಕೋಣೆಗೆ ಹೋದರೆ ಚಾಪೆಗಳಿರಲಿಲ್ಲ. ಹೋಹೆಪಾ ಕಂಪ್ಯೂಟರುಗಳನ್ನು ಸಾಲಾಗಿ ಇಡುತ್ತಿದ್ದ. ರಿಪೆಕಾಳ ತೀರಿಹೋದ ಅಕ್ಕನ ಮಗ, ಇವಳ ಮನೆಯಲ್ಲೇ ಬೆಳೆದವನು. ಶಾಲೆಯ ಮಂಡಳಿಯಲ್ಲಿ ನಮ್ಮವನೊಬ್ಬನಿರಲಿ ಎಂದು ಮನೆಮನೆ ತಿರುಗಿ ಅವನಿಗೆ ವೋಟು ಹಾಕಿಸಿದ್ದವಳೂ ಅವಳೇ.

"ಚಾಪೆ ಎಲ್ಲೋ?"

"ಶೆಡ್ಡಾಗವೆ ಚಿಕ್ಕವ್ವ. ಅವ್ರು ಫಲಕ ಕೊಟ್ಟು ಓಗ್ಲಿ, ಆಮೇಲೆ ನಿಂಗೆ ಏಳಣ ಅಂತಿದ್ದೆ. ನಾಳಿಂದ ಕಿಲಾಸಿಲ್ಲ. ಸರ್ಟಿಫಿಕೇಟ್ ಇಲ್ದೋರು ಪಾಠ ಮಾಡಂಗಿಲ್ವಂತೆ."

"ಮಕ್ಳು?"

"ವಾರಕ್ಕೊಂದು ನಮ್ ಮಾತಿನ ಆಡು ಏಳ್ಕೊಡ್ತಾರೆ. ಅಷ್ಟು ಸಾಕು ಅಂತ ಮಂಡಳಿ ತೀರ್ಮಾನ."

"ಮಂಡಳಿ ಅಂದ್ರೆ ಯಾವನ್ಲಾ? ನೀನೂ ಕೈ ಎತ್ತಿದ್ಯಾ?"

ಹೋಹೆಪಾ ವೈರು ಸುತ್ತುತ್ತಲೇ ಇದ್ದ. "ಎಲ್ರೂ ಎತ್ತಿದ್ರು. ನಾನೊಬ್ಬ ಎತ್ತದೆ ಏನ್ ಕಿಸಿಯಕ್ಕಾಗ್ತಿತ್ತು?"

"ನಿನ್ ಕೈಗೆ ಉಳ ಬೀಳ, ಮುಂಡೇದೆ. ನಿನ್ ತಿಕ ತೊಳ್ದಿರೋ ಕೈ ಕಣ್ಲಾ ಇದು."

ಡನ್‌ಫೋರ್ಡ್ ಒಬ್ಬಳೇ ಮಾಡಿದ್ದರೆ ರಿಪೆಕಾ ತಡೆದುಕೊಳ್ಳುತ್ತಿದ್ದಳು. ಬಿಳಿಯರಿಂದ ಅವಳು ಬೇರೇನನ್ನೂ ಕಂಡವಳಲ್ಲ. ಇವನು ಕೈ ಎತ್ತಿದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಹತ್ತು ಗಂಟೆಗೆ ಅತಿಥಿಗಳು ಗೇಟಿನ ಹೊರಗೆ ಬಂದು ನಿಂತರು. ಕೋಟು ತೊಟ್ಟ ಬಿಳಿಯರು, ಜೊತೆಗೆ ಇಬ್ಬರು ಮಾವೋರಿ ಮುದುಕರು. ಮಾವೋರಿ ಪದ್ಧತಿಯಂತೆ, ಒಳಗಿನ ಹೆಂಗಸು ದನಿಯೆತ್ತಿ ಕರೆಯದೆ ಅತಿಥಿಗಳು ಕಾಲಿಡುವಂತಿಲ್ಲ. ಕರೆದ ಮೇಲೆ ಹೊರಗಿನ ಹೆಂಗಸೊಬ್ಬಳು ತೀರಿಹೋದವರನ್ನು ನೆನೆದು ಉತ್ತರ ಕೊಡಬೇಕು. ಊರಿನಲ್ಲಿ ಹಾಗೆ ಕರೆಯಬಲ್ಲವಳು ರಿಪೆಕಾ ಒಬ್ಬಳೇ.

ಕಪ್ಪು ಲಂಗ ತೊಟ್ಟು ಬಂದವಳು ಅಂಗಳದಲ್ಲಿ ನಿಲ್ಲಲಿಲ್ಲ. ಸಾಲಾಗಿ ನಿಂತ ಮಕ್ಕಳನ್ನು ದಾಟಿ, ಗೇಟು ತೆಗೆದು ಹೊರಗೆ ಹೋಗಿ, ಅತಿಥಿಗಳ ಮುಂದೆ ಶಾಲೆಗೆ ಮುಖ ಮಾಡಿ ನಿಂತಳು.

"ಏನ್ ಮಾಡ್ತಿದ್ದೀಯ? ಒಳಗೆ ಬಾ," ಡನ್‌ಫೋರ್ಡ್ ಹಲ್ಲು ಕಚ್ಚಿ ಹೇಳಿದಳು.

"ನಾನು ಒರಗ್ನೋಳು ಕಣಮ್ಮ. ಕರುದ್ರೆ ಬತ್ತೀನಿ."

ಯಾರೂ ಕರೆಯಲಿಲ್ಲ. ಕೋಟಿನವರು ವಾಚು ನೋಡಿಕೊಂಡರು. ಹೋಹೆಪಾ ಆಫೀಸಿಗೆ ಓಡಿದ. ಸ್ವಲ್ಪ ಹೊತ್ತಿಗೆ ಕಂಬದ ಸ್ಪೀಕರು ಗರಗರ ಎಂದು, ರಿಪೆಕಾಳ ದನಿಯೇ ಹೊರಬಿತ್ತು. ಹೋದ ವರ್ಷ ಅವಳಿಗೆ ಹೇಳದೆ ಅವನು ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದ ಕರೆ. ದೂರದಿಂದ ಬಂದವರೇ ಬನ್ನಿ, ಒಳಗೆ ಬನ್ನಿ. ಕೋಟಿನವರು ಹೆಜ್ಜೆ ಎತ್ತಿದರು.

ರಿಪೆಕಾ ಎರಡೂ ಕೈ ಚಾಚಿ ಅವರನ್ನು ತಡೆದು, ತನ್ನ ದನಿಗೆ ತಾನೇ ಮಾವೋರಿಯಲ್ಲಿ ಉತ್ತರ ಕೊಟ್ಟಳು.

"ಬಂದೆವು. ಸತ್ತದ್ದನ್ನು ಹೊತ್ತು ಬಂದೆವು. ಈ ಅಂಗಳದಲ್ಲಿ ಎರಡು ಸಲ ಸತ್ತ ಮಾತನ್ನು ಹೊತ್ತು ಬಂದೆವು. ಮೊದಲ ಸಲ ಪಟ್ಟಿಯ ಏಟಿಗೆ ಸತ್ತಿತು. ಈ ಸಲ ನನ್ನಕ್ಕನ ಮಗ ಹೋಹೆಪಾ ಎತ್ತಿದ ಕೈಗೆ ಸತ್ತಿತು. ಮಕ್ಕಳೇ, ನಾಳೆಯಿಂದ ನಿಮಗೆ ತರಗತಿಯಿಲ್ಲ. ಅತ್ತುಬಿಡಿ."

ಮುದುಕರಿಬ್ಬರೂ ಟೋಪಿ ತೆಗೆದು ಅಲ್ಲೇ ನಿಂತುಬಿಟ್ಟರು. ಡನ್‌ಫೋರ್ಡಿಗೆ ಒಂದಕ್ಷರವೂ ತಿಳಿದಿರಲಿಲ್ಲ. ಆಫೀಸಿನಿಂದ ಹೊರಬಂದ ಹೋಹೆಪಾನ ಕಡೆ ನಗುತ್ತಾ ಬಾಗಿದಳು.

"ಎಷ್ಟು ಚೆಂದ. ಏನಂದಳು?"

ಹೋಹೆಪಾ ಗೇಟಿನ ಕಡೆ ನೋಡಲಿಲ್ಲ.

"ಸ್ವಾಗತ ಅಂದ್ರು ಮೇಡಂ."

ನಲವತ್ತು ಮಕ್ಕಳೂ ತಿರುಗಿ ಅವನ ಮುಖವನ್ನೇ ನೋಡಿದರು.