ಬೇಲಿಯಾಚೆಯ ರಸ್ತೆ

1976ರ ಜುಲೈ 9, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಕತ್‌ಬರ್ಟ್ ಹೆಸ್ಲಪ್‌ನ ಶವಪೆಟ್ಟಿಗೆ ಹೊತ್ತ ಆರು ಜನ ರಾಲ್ಫ್ ಟೆಲ್ಫರ್‌ನ ಹುಲ್ಲುಗಾವಲಿನ ಗೇಟಿನ ಮುಂದೆ ನಿಂತರು. ಗೇಟಿಗೆ ಸರಪಳಿ ಬಿದ್ದಿತ್ತು. ಅದರ ಸರಳುಗಳಿಗೆ ಉದ್ದಕ್ಕೂ ತಗಡು ಕಟ್ಟಿತ್ತು. ಆಚೆ, ಓಣಿಗಿಂತ ಎತ್ತರದ ನೆಲದಲ್ಲಿ ನಿಂತಿದ್ದ ರಾಲ್ಫ್‌ನ ತಲೆ ಮತ್ತು ಕಪ್ಪು ಟೈ ಮಾತ್ರ ತಗಡಿನ ಮೇಲೆ ಕಾಣುತ್ತಿದ್ದವು. ಅವನೂ ಸಾವಿಗೆ ಹೋಗುವ ಬಟ್ಟೆಯಲ್ಲೇ ಇದ್ದ.

"ಕಂಬಕ್ಕೆ ಒಂದು ಗುಂಡುಸೂಜಿ ಚುಚ್ಚು, ತೆಗೀತೀನಿ," ಎಂದ.

ಸತ್ತವನ ಮಗಳು ಮೇವಿಸ್ ಪೆಟ್ಟಿಗೆಯ ಹಿಂದಿನಿಂದ ಮುಂದೆ ಬಂದಳು. "ಚುಚ್ಚಲ್ಲ."

ಹೆಣ ಹಾದು ಹೋದ ನೆಲ ಎಂದೆಂದಿಗೂ ಊರವರ ದಾರಿಯಾಗುತ್ತದೆ ಎಂಬುದು ಉತ್ತರ ಇಂಗ್ಲೆಂಡಿನ ಟೈನ್ ಕಣಿವೆಯ ಹಳೆಯ ನಂಬಿಕೆ. ಗೇಟಿನ ಕಂಬಕ್ಕೆ ಸೂಜಿ ಚುಚ್ಚಿ ಹೋದರೆ ದಾರಿಯಾಗುವುದಿಲ್ಲ. ಅದು ಹೊಲದವನ ಅಪ್ಪಣೆ ಪಡೆದು, ಆ ಒಂದು ದಿನಕ್ಕೆ ಹೋದಂತೆ.

ಮುಂದೆ ನಡೆಯುತ್ತಿದ್ದ ಪಾದ್ರಿ ಪಿಮ್ ದಕ್ಷಿಣದ ಕಡೆಯವರು. ಇದಕ್ಕೆ ಕಾನೂನಿನ ಆಧಾರವೇ ಇಲ್ಲ, ಯಾವ ನ್ಯಾಯಾಲಯವೂ ಒಪ್ಪಿದ್ದಿಲ್ಲ ಎಂದು ಅವರು ಮೆಲ್ಲಗೆ ತಿಳಿಸಿ ಹೇಳಿದರು.

"ಕಾನೂನು ನಿಮ್ಮ ಪುಸ್ತಕದಲ್ಲಿರ್ಬಹುದು, ಪಾದ್ರಿಗಳೇ," ಎಂದ ರಾಲ್ಫ್. "ದಾರಿ ಜನರ ಕಾಲಲ್ಲಿರುತ್ತೆ. ಇವತ್ತು ಇವನು ಹೋಗ್ತಾನೆ, ನಾಳೆ ಚೀಲ ಹೊತ್ತ ನಡಿಗೆಯವರು ಬರ್ತಾರೆ, ನಾಡಿದ್ದು ಗುದ್ದಲಿ ಹೊತ್ತವರು. ನನ್ನ ಕುರಿ ಎಲ್ಲಿಗೆ ಹೋಗ್ಬೇಕು?"

"ಟೆಲ್ಫರ್ ಅವರೇ," ಎಂದಳು ಮೇವಿಸ್. ಆರು ವರ್ಷದವಳಿದ್ದಾಗ ಅವನನ್ನು ಚಿಕ್ಕಪ್ಪ ಎನ್ನುತ್ತಿದ್ದಳು. "ರಸ್ತೇಲಿ ಹೋಗೋಕೆ ಯಾರೂ ಅಪ್ಪಣೆ ಕೇಳಲ್ಲ. ಸೂಜಿ ಚುಚ್ಚಿದ್ರೆ ಇಲ್ಲಿ ರಸ್ತೆ ಇರ್ಲೇ ಇಲ್ಲ ಅಂತ ನಮ್ಮಪ್ಪನ ಹೆಣದ ಮುಂದೆ ಒಪ್ಪಿಕೊಂಡ ಹಾಗೆ."

"ಇರ್ಲಿಲ್ಲ," ಎಂದ ರಾಲ್ಫ್.

*

1938ರ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯದ ತಂಡವೊಂದು ಹೆಸ್ಲಪ್ ಮನೆಯ ಹಿಂದಿನ ಹೊಲವನ್ನು ಅಗೆಯಿತು. ಒಂದು ಗೇಣು ಮಣ್ಣಿನ ಕೆಳಗೆ ರೋಮನರ ಕೋಟೆಯ ಗೋಡೆ ಸಿಕ್ಕಿತು. ಪೂರ್ವದ ಬಾಗಿಲು ಸಿಕ್ಕಿತು. ಹೊಸ್ತಿಲ ಕಲ್ಲಿನಲ್ಲಿ ಗಾಡಿಯ ಚಕ್ರಗಳು ಸವೆಸಿದ ಎರಡು ಜಾಡುಗಳೂ ಇದ್ದವು; ಕತ್‌ಬರ್ಟ್ ಅವನ್ನು 'ಎರಡು ಗಾಡಿ' ಎಂದರೆ ರಾಲ್ಫ್ ನಗುತ್ತಿದ್ದ. ಕತ್‌ಬರ್ಟ್ ಸಂತೋಷ ಹೆಚ್ಚಾದಾಗ ಮಾತು ತಪ್ಪುತ್ತಿದ್ದ.

ಅವನು ಅಂಚೆಯವನು, ರಜೆ ಹಾಕಿ ಅಗೆಯಲು ಸೇರಿದ್ದ. ಬಾಗಿಲಿದ್ದ ಮೇಲೆ ರಸ್ತೆ ಇರಲೇಬೇಕು, ಅದು ಬೇಲಿ ದಾಟಿ ರಾಲ್ಫ್‌ನ ಹುಲ್ಲುಗಾವಲಿನೊಳಗಿಂದ ಇಗರ್ಜಿಯ ಬಳಿಯ ಹೊಳೆಗೆ ಇಳಿದಿರಬೇಕು ಎಂದು ಅವನ ಲೆಕ್ಕ. ಗೆಳೆಯನಾದ್ದರಿಂದ ರಾಲ್ಫ್ ಒಂದು ಕಂದಕ ತೋಡಲು ಬಿಟ್ಟ. ಕತ್ತಲಾಗುವ ಮೊದಲು ಮುಚ್ಚಬೇಕು ಎಂಬುದೊಂದೇ ಕರಾರು.

ಸಂಜೆಯ ಹೊತ್ತಿಗೆ ಗುದ್ದಲಿಗೆ ಜಲ್ಲಿ ತಾಗಿತು. ರಸ್ತೆಯ ಜಲ್ಲಿಯೋ ಹೊಳೆ ಹಾಸಿದ ಜಲ್ಲಿಯೋ ಹೇಳಬೇಕಾದರೆ ಅಂಚಿನ ಕಲ್ಲು ಸಿಗಬೇಕು. ಬೆಳಕಿರಲಿಲ್ಲ. ಕತ್‌ಬರ್ಟ್ ರಾಲ್ಫ್‌ನನ್ನು ಕೇಳದೆ, ಒಂದು ರಾತ್ರಿ ತಾನೇ ಎಂದು, ಕಂದಕವನ್ನು ತೆರೆದೇ ಬಿಟ್ಟು ಬಂದ. ಬೆಳಗಾಗುವಷ್ಟರಲ್ಲಿ ರಾಲ್ಫ್‌ನ ಹೆಣ್ಣುಕುದುರೆ ಜ್ಯೂಯೆಲ್ ಅದರೊಳಗೆ ಬಿದ್ದು ಮುಂಗಾಲು ಮುರಿದುಕೊಂಡಿತ್ತು. ಪುಟ್ಟ ಮೇವಿಸ್‌ಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದ ಕುದುರೆ. ರಾಲ್ಫ್ ತಾನೇ ಬಂದೂಕು ತಂದ.

ಕಂದಕವನ್ನು ಕತ್‌ಬರ್ಟ್ ಒಬ್ಬನೇ ಮುಚ್ಚಿದ. ತಂಡ ಅಚ್ಚು ಹಾಕಿಸಿದ ನಕ್ಷೆಯಲ್ಲಿ ರಸ್ತೆ ಬೇಲಿಯವರೆಗೆ ಬಂದು, ಆಚೆ ಒಂದು ಪ್ರಶ್ನಾರ್ಥಕ ಚಿಹ್ನೆಯಾಯಿತು. ಅಂದಿನಿಂದ ಗೆಳೆಯರಿಬ್ಬರಿಗೂ ಮಾತಿಲ್ಲ. ರಾಲ್ಫ್‌ನ ಕಾಗದಗಳನ್ನು ಕತ್‌ಬರ್ಟ್ ಇದೇ ಗೇಟಿನ ಬುಡದಲ್ಲಿ ಕಲ್ಲಿನಡಿ ಇಟ್ಟು ಹೋಗುತ್ತಿದ್ದ, ನಿವೃತ್ತನಾಗುವವರೆಗೆ.

*

ಪೆಟ್ಟಿಗೆಯನ್ನು ಎರಡು ಕುರ್ಚಿಗಳ ಮೇಲೆ ಇಳಿಸಿದ್ದರು. ತಿಂಗಳಿಂದ ಮಳೆ ಬಿದ್ದಿರಲಿಲ್ಲ. ಓಣಿಯ ಟಾರು ಬೂಟಿಗೆ ಅಂಟುತ್ತಿತ್ತು. ಪೆಟ್ಟಿಗೆ ಮಾಡಿದ ಬಡಗಿ ಸ್ಟೊಬರ್ಟ್ ಮೇವಿಸ್‌ಳ ಹತ್ತಿರ ಬಂದು, ಇದು ಕಾಯಿಸುವ ಬಿಸಿಲಲ್ಲ, ಓಣಿಯಲ್ಲಿ ತಿರುಗಿ ಹೋದರೆ ಇಗರ್ಜಿಗೆ ಕಾಲು ಗಂಟೆಯ ದಾರಿ ಎಂದ.

"ಜೀವಮಾನದಲ್ಲಿ ಒಂದು ಕಾಗದ ತಡ ಮಾಡಿದವನಲ್ಲ ನಮ್ಮಣ್ಣ," ಎಂದ ಸತ್ತವನ ತಮ್ಮ ಟಾಟ್, ಹೆಗಲು ಉಜ್ಜಿಕೊಳ್ಳುತ್ತ. "ಈಗ ಅವನೇ ಬಟವಾಡೆಯಾಗದೆ ಕೂತಿದ್ದಾನೆ."

ಒಬ್ಬಿಬ್ಬರು ನಕ್ಕರು. ರಾಲ್ಫ್ ನಗಲಿಲ್ಲ. ಅವನ ಬೆರಳುಗಳು ತಗಡಿನ ಅಂಚನ್ನು ಹಿಡಿದಿದ್ದವು.

"ಕುದುರೆಗೋಸ್ಕರ ಇಷ್ಟು ವರ್ಷ ಸಾಲದಾ, ರಾಲ್ಫ್?" ಎಂದ ಟಾಟ್.

"ಕುದುರೆ ಮಾತು ಎತ್ಬೇಡ."

ಮೇವಿಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟು ನಿಂತಿದ್ದಳು. ಹಲಗೆ ಬಿಸಿಯಾಗಿತ್ತು.

*

ಜೂನ್ ಕೊನೆಯಲ್ಲಿ ಕತ್‌ಬರ್ಟ್‌ಗೆ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಆದರೂ ದಿನವೂ ಹೊಲದ ಹುಲ್ಲಿನ ಸುದ್ದಿ ಕೇಳುತ್ತಿದ್ದ. ಬರಗಾಲದಲ್ಲಿ, ಕೆಳಗೆ ಕಲ್ಲಿರುವಲ್ಲಿ ಮಣ್ಣು ತೆಳು, ಹುಲ್ಲು ಮೊದಲು ಒಣಗುತ್ತದೆ. ರಸ್ತೆಬದಿಯ ಹಳೆಯ ಕಾಲುವೆಯಿದ್ದಲ್ಲಿ ಮಣ್ಣು ಆಳ, ತೇವ ಉಳಿದು ಹಸಿರು ನಿಲ್ಲುತ್ತದೆ. ಒಂದು ಬೆಳಿಗ್ಗೆ ಮೇವಿಸ್ ಅವನನ್ನು ಎತ್ತಿ ಕಿಟಕಿಯ ಬಳಿ ಕೂರಿಸಿದಳು. ಕೆಳಗಿನ ಹೊಲದಲ್ಲಿ ಕೋಟೆ ಹಳದಿ ಗೆರೆಗಳಲ್ಲಿ ಮೂಡಿತ್ತು: ಗೋಡೆ, ಬೀದಿ, ಸೈನಿಕರ ಸಾಲುಮನೆ. ಅವನು ಬಹಳ ಹೊತ್ತು ನೋಡಿದ.

"ಬೇಲಿ ಆಚೆ?" ಎಂದ.

ಬೇಲಿಯ ಮುಳ್ಳುಗಿಡಗಳು ಆಳೆತ್ತರಕ್ಕೂ ಮೀರಿ ಬೆಳೆದಿದ್ದವು; ಕಿಟಕಿಯಿಂದ ಆಚೆಯ ಹುಲ್ಲು ಕಾಣುತ್ತಿರಲಿಲ್ಲ. ಏಣಿ ಹಾಕಿ ನೋಡಿಕೊಂಡು ಬರುತ್ತೇನೆ ಎಂದಳು ಮೇವಿಸ್.

"ಬೇಡ. ಇಣುಕಬೇಡ. ಒಂದ್ಸಲ ಅವನನ್ನ ಕೇಳದೆ ಮಾಡಿದ್ದು ಸಾಕು. ಕಂಡ್ರೆ ಅವನೇ ಬಂದು ಹೇಳ್ತಾನೆ."

ಆಮೇಲಿನ ದಿನಗಳಲ್ಲಿ ಬಾಗಿಲು ಬಡಿದ ಸದ್ದಾದಾಗಲೆಲ್ಲ ದಿಂಬಿನಿಂದ ತಲೆ ಎತ್ತುತ್ತಿದ್ದ. ಕೊನೆಗೆ ಹೇಳಿದ್ದು ಇಷ್ಟು: "ನನ್ನನ್ನ ರಸ್ತೇಲಿ ಒಯ್ಯಿ. ಅವನು ಬಿಡದಿದ್ರೆ ಓಣಿಯಲ್ಲೇ ಒಯ್ಯಿ, ಜಗಳ ಬೇಡ. ಸೂಜಿ ಮಾತ್ರ ಚುಚ್ಬೇಡ."

*

"ಎತ್ತಿ," ಎಂದಳು ಮೇವಿಸ್. "ಓಣಿಯಲ್ಲೇ ಹೋಗೋಣ."

ಪಾದ್ರಿ ನಿಟ್ಟುಸಿರು ಬಿಟ್ಟರು. ಆರು ಜನ ಬಗ್ಗಿ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ತಿರುಗಿಸುವಾಗ ಮುಂದಿದ್ದ ಟಾಟ್ ದಾರಿಬದಿಯ ದಿಬ್ಬದ ಮೇಲೆ ಕಾಲಿಡಬೇಕಾಯಿತು. ಅವನ ಕಣ್ಣು ತಗಡಿನ ಮೇಲಕ್ಕೆ ಬಂತು. ಅವನು ನಿಂತುಬಿಟ್ಟ. ಹಿಂದಿನವರು ಮುಗ್ಗರಿಸಿದರು.

"ಮೇವಿಸ್," ಎಂದ. "ಹುಲ್ಲು ನೋಡು."

ಅವಳು ದಿಬ್ಬ ಹತ್ತಿದಳು. ಗೇಟಿನಿಂದ ಹೊಳೆಯವರೆಗೆ, ಹುಲ್ಲುಗಾವಲಿನ ನಟ್ಟನಡುವೆ, ದಾರ ಹಿಡಿದು ಎಳೆದಂತೆ ನೇರವಾಗಿ ಒಂದು ಹಳದಿ ಪಟ್ಟೆ. ಅದರ ಎರಡು ಬದಿಗೂ ಕಾಲುವೆಯ ಹಸಿರು ಗೆರೆ.

ರಾಲ್ಫ್ ಹಿಂತಿರುಗಿ ನೋಡಲಿಲ್ಲ. ಅವನಿಗೆ ನೋಡಬೇಕಾಗಿರಲಿಲ್ಲ.

"ಯಾವಾಗ ಮೂಡ್ತು?" ಎಂದಳು ಮೇವಿಸ್.

"ಮೂರು ವಾರ ಆಯ್ತು."

"ಅಪ್ಪ ಸತ್ತು ಐದು ದಿನ."

"ಗೊತ್ತು."

ಪೆಟ್ಟಿಗೆ ಹೊತ್ತವರ ಉಸಿರು ಕೇಳುತ್ತಿತ್ತು. ರಾಲ್ಫ್ ಅವಳ ಮುಖ ನೋಡದೆ, ಪೆಟ್ಟಿಗೆಯ ಕಡೆ ನೋಡುತ್ತ ಹೇಳಿದ:

"ಮೊದಲನೇ ವಾರ ಖುಷಿಯಾಯ್ತು, ನಂಗೊಬ್ಬನಿಗೇ ಗೊತ್ತಲ್ಲ ಅಂತ. ಆಗ್ಲೇ ತಗಡು ಕಟ್ಟಿದ್ದು. ಎರಡನೇ ವಾರ ನಾಚಿಕೆ ಶುರುವಾಯ್ತು. ಇಷ್ಟು ದಿನ ಹೇಳ್ದೆ ಇವತ್ತು ಹೇಗೆ ಹೋಗಿ ಹೇಳೋದು ಅಂತ. ಮೂರನೇ ವಾರ ಅವನು ಹೋದ."

"ಏಣಿ ಹಾಕಿ ನೋಡ್ತೀನಿ ಅಂದೆ. ಇಣುಕಬೇಡ ಅಂದ್ರು," ಎಂದಳು ಮೇವಿಸ್. ಅವಳ ದನಿ ಏರಲಿಲ್ಲ. "ನೀವೇ ಬಂದು ಹೇಳ್ತೀರಿ ಅಂತ ಕಾದ್ರು."

ರಾಲ್ಫ್ ಜೇಬಿನಿಂದ ಕೀಲಿ ತೆಗೆದು ಸರಪಳಿ ಬಿಚ್ಚಿದ. ಗೇಟನ್ನು ತನ್ನ ಕಡೆಗೆ ಪೂರ್ತಿ ಎಳೆದು, ಪಕ್ಕಕ್ಕೆ ಸರಿದು ನಿಂತ.

ಪಾದ್ರಿ ಮುಂದೆ ಹೆಜ್ಜೆ ಹಾಕಿದರು. ಮೇವಿಸ್ ಕದಲಲಿಲ್ಲ. ಅವಳು ಕದಲದ್ದು ಕಂಡು ಹೊತ್ತವರೂ ಕದಲಲಿಲ್ಲ. ತೆರೆದುಕೊಟ್ಟ ಗೇಟೂ ಅಪ್ಪಣೆಯೇ.

"ಇನ್ನೇನು ಬೇಕು ನಿಂಗೆ?" ಎಂದ ರಾಲ್ಫ್.

ಅವಳ ಕಣ್ಣು ಗೇಟಿನ ಮೇಲೇ ಇತ್ತು. ರಾಲ್ಫ್ ಅವಳನ್ನು ನೋಡಿದ, ಗೇಟನ್ನು ನೋಡಿದ. ಆಮೇಲೆ ಕೋಟು ಬಿಚ್ಚಿ ಬೇಲಿಯ ಮೇಲೆ ಎಸೆದ.

"ಸ್ಟೊಬರ್ಟ್, ಬಾ ಇಲ್ಲಿ. ಆ ತುದಿ ಹಿಡ್ಕೋ."

ಬಡಗಿಗೆ ತಕ್ಷಣ ಅರ್ಥವಾಯಿತು. ಒಂದು ತುದಿಗೆ ಬಡಗಿ, ಕಂಬದ ಬಳಿ ಮುದುಕ. ಕೊಂಡಿಗಳು ತುಕ್ಕು ಹಿಡಿದಿದ್ದವು. ಮೊದಲ ಸಲ ಎತ್ತಿದಾಗ ಬರಲಿಲ್ಲ. ಎರಡನೆಯ ಸಲ ರಾಲ್ಫ್ ಮಂಡಿ ಬಗ್ಗಿಸಿ ಹೆಗಲು ಕೊಟ್ಟ. ಗೇಟು ಕಿರುಗುಟ್ಟಿ ಕೊಂಡಿಗಳಿಂದ ಮೇಲೆದ್ದು ಬಂತು. ಇಬ್ಬರೂ ಅದನ್ನು ಹೊತ್ತು ತಂದು, ಓಣಿಯ ಚರಂಡಿಗೆ ತಗಡು ಕೆಳಗಾಗಿ ಮಲಗಿಸಿದರು.

ಕಂಬಗಳೆರಡರ ನಡುವೆ ಈಗ ಏನೂ ಇರಲಿಲ್ಲ.

ಮೇವಿಸ್ ಹೊರಟಳು. ಹೊತ್ತವರು ಹೊರಟರು. ಒಳಗೆ ಕಾಲಿಟ್ಟ ಕೂಡಲೇ ಹೆಜ್ಜೆಯ ಸದ್ದು ಗಟ್ಟಿಯಾಯಿತು. ಹಿಂದೆ ಬಂದ ಊರವರು ಪಟ್ಟೆಯ ಅಗಲಕ್ಕೂ ಹರಡಿಕೊಂಡು ನಡೆದರು, ಹಸಿರನ್ನು ಯಾರೂ ತುಳಿಯಲಿಲ್ಲ. ರಾಲ್ಫ್ ಎಲ್ಲರಿಗಿಂತ ಕೊನೆಯಲ್ಲಿ ಬಂದ, ಬಿಳಿ ಅಂಗಿಯ ಹೆಗಲಿಗೆ ತುಕ್ಕು ಮೆತ್ತಿಕೊಂಡು.

ಎರಡು ಹಸಿರು ಗೆರೆಗಳ ನಡುವೆ ರಸ್ತೆಯ ಅಗಲ ಇಪ್ಪತ್ತೆರಡು ಅಡಿ ಇತ್ತು.