ಸತ್ತ ಮನೆಯ ಕಳ್ಳತನ

"ಹಗೂರ, ಹಗೂರ! ಹೊಸ್ತಿಲಾ ನೋಡ್ಕೋರಿ!" ಎಂದು ದೇವಾನಂದ ಕೂಗುತ್ತಿದ್ದಂತೆ ನಾಲ್ಕು ಜನ ಅವನ ಅಣ್ಣ ಅಂಬಾದಾಸನ ದೇಹವನ್ನು ಮನೆಯಿಂದ ಹೊರಗೆ ತಂದರು. ಬಿಳಿ ಸೀರೆಯಲ್ಲಿ ಹಿಂದೆಯೇ ಬಂದ ಅಂಬಾದಾಸನ ಮಗಳು ಸಂಘಮಿತ್ರಾ ಅಳುವುದನ್ನು ಬಿಟ್ಟು ಗೋಡೆಯ ಕಡೆ ನೋಡುತ್ತ ನಿಂತುಬಿಟ್ಟಳು. ಅಪ್ಪನ ಸೈಕಲ್ಲು ಅಲ್ಲಿರಲಿಲ್ಲ.

ಬೆಳಿಗ್ಗೆ ದೇಹವನ್ನು ಮಲಗಿಸಲು ಪಡಸಾಲೆ ಖಾಲಿ ಮಾಡುವಾಗ ಅವಳೇ ಅದನ್ನು ಓಣಿಗೆ ತಳ್ಳಿ ಗೋಡೆಗೆ ಆನಿಸಿದ್ದಳು. ಕೀಲಿ ಹಾಕಬೇಕೆಂದು ಹೊಳೆದಿರಲಿಲ್ಲ. ಅಪ್ಪ ಸತ್ತ ದಿನ ಸೈಕಲ್ಲಿಗೆ ಕೀಲಿ ಹಾಕುವ ಬುದ್ಧಿ ಯಾರಿಗಿರುತ್ತದೆ?

"ಕಾಕಾ, ಅಪ್ಪನ ಸೈಕಲ್ ಯಾರೋ ಒಯ್ದಾರ."

"ಅಣ್ಣನ್ನ ಕಳಕೊಂಡು ಕುಂತೇವಿ, ಸೈಕಲ್ ತಗೊಂಡ ಏನ್ ಮಾಡ್ತಿ ಬೇ? ನಡಿ, ನಡಿ."

ಅವಳು ನಡೆದಳು. ಜೋರಾಪುರ ಪೇಟೆಯ ಮಂದಿ ಬಾಗಿಲಿಗೆ ಬಂದು ಕೈಮುಗಿದರು. ಆ ಓಣಿಯಲ್ಲಿ ಕೊಡವೋ ಕೋಳಿಯೋ ಕಳೆದುಹೋದಾಗ ಅಂಬಾದಾಸನ ಮುಂದೆ ಬಂದು ಕೂರದ ಮನೆಯೇ ಇರಲಿಲ್ಲ.

*

ಅಂಬಾದಾಸ ಊರಿನ ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದ. ಲಾಠಿಗಿಂತ ಪೆನ್ನು ಹಿಡಿದದ್ದೇ ಹೆಚ್ಚು. ತಿಂಗಳ ಕೊನೆಗೆ ಠಾಣೆಯ ಅಪರಾಧಗಳ ಲೆಕ್ಕದ ತಖ್ತೆ ಕಳಿಸುವುದು ಅವನ ಪಾಲಿನ ಕೆಲಸ. ಅದರ ಕಚ್ಚಾ ಪ್ರತಿಯನ್ನು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಮನೆಯಲ್ಲೇ ಬರೆಯುತ್ತಿದ್ದ. ಗೆರೆ ಎಳೆಯುವವಳು ಸಂಘಮಿತ್ರಾ. ಆಗ ಅವಳಿಗೆ ಹನ್ನೊಂದು ವರ್ಷ. ಒಂದು ಗೆರೆ ಸೊಟ್ಟಗಾದರೂ ಅಪ್ಪ ಕನ್ನಡಕದ ಮೇಲಿನಿಂದ ನೋಡಿ ನಗುತ್ತಿದ್ದ.

"ಅಪ್ಪಾ, ಏಪ್ರಿಲ್‌ದಾಗ ಮನಿಗಳ್ಳತನ ಯಾಕ ಇಷ್ಟ ಹೆಚ್ಚ?"

"ಬ್ಯಾಸಿಗ್ಯಾಗ ಮಂದಿ ಮಾಳಿಗಿ ಮ್ಯಾಲ ಮಲಗ್ತಾರವ್ವ. ಮ್ಯಾಲ ಗಾಳಿ, ಕೆಳಗ ಕಳ್ಳ."

ಸೊಲ್ಲಾಪುರ ರಸ್ತೆಯಲ್ಲಿ ಲಾರಿಗಳ ಬ್ಯಾಟರಿ, ಸಿದ್ಧೇಶ್ವರ ಗುಡಿಯ ಸುತ್ತ ಸಂಜೆ ಹೊತ್ತಿನ ಸೈಕಲ್ಲು, ಇವೆಲ್ಲ ಅವನಿಗೆ ಬಾಯಿಪಾಠ. ಅಂಕಿ ಏರಿದ ಕಡೆ ರಾತ್ರಿ ಗಸ್ತು ಹಾಕಿಸುತ್ತಿದ್ದ. ಆ ಕಚ್ಚಾ ಹಾಳೆಯಲ್ಲಿ ಅವನೇ ಹಾಕಿಕೊಂಡ ಒಂದು ಕಾಲಂ ಮಾತ್ರ ಯಾವಾಗಲೂ ಖಾಲಿ.

"ಇದೇನಪಾ?"

"ಸತ್ತ ಮನಿ ಕಳ್ಳತನ. ಬಾಗಲಾ ತೆರದ ಇರ್ತಾವ, ಯಾರ ಬಂದ್ರೂ ಕೇಳಂಗಿಲ್ಲ. ಕೊಡ ಹೋಗ್ತಾವ, ಚಪ್ಪಲಿ ಹೋಗ್ತಾವ. ಬರಸಾಕ ಮಾತ್ರ ಯಾರೂ ಬರಂಗಿಲ್ಲ."

"ಹಂಗಾದ್ರ ಸೊನ್ನಿ ಬರಿ."

"ಸೊನ್ನಿ ಅಂದ್ರ ಆಗೇ ಇಲ್ಲ ಅಂತ ಅರ್ಥ. ಆಗ್ಯಾವ, ನಮಗ ಹೇಳಿಲ್ಲ ಅಷ್ಟ. ಖಾಲಿ ಇರ್ಲಿ."

ಬಂದ ದೂರನ್ನೆಲ್ಲ ಬರೆದುಕೊಂಡರೆ ಏನಾಗಬೇಕೋ ಅದೇ ಆಯಿತು. ಕಳ್ಳತನದಲ್ಲಿ ಇವರ ಠಾಣೆಯೇ ಮುಂದೆ ಎಂದು ಪೇಪರಿನಲ್ಲಿ ಬಂತು. ಮೇಲಿನವರು ಗರಂ ಆದರು. ಅಂಬಾದಾಸನನ್ನು ಟಿಕೋಟಾ ಠಾಣೆಗೆ ಎತ್ತಿ ಹಾಕಿದರು. ಮೂರೇ ತಿಂಗಳಲ್ಲಿ ಅಲ್ಲಿಯ ಅಂಕಿಯೂ ಏರಿತು. ಅಲ್ಲಿಂದ ಬಬಲೇಶ್ವರ. "ಅಂಬಾದಾಸನ ಬೆನ್ನ ಹತ್ತಿ ಕಳ್ಳರೂ ವರ್ಗಾ ಆಗ್ತಾರ್ನೋಡ್ರಿ" ಎಂದು ಚಹಾದಂಗಡಿಯಲ್ಲಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ತನಗಿಂತ ಕಿರಿಯರು ಸಾಹೇಬರಾದಾಗ ರಾತ್ರಿ ಊಟಕ್ಕೆ ಒಂದು ರೊಟ್ಟಿ ಕಡಿಮೆ ತಿಂದದ್ದು ಸಂಘಮಿತ್ರಾಳಿಗೆ ನೆನಪಿದೆ. ಹೆಡ್ ಕಾನ್‌ಸ್ಟೇಬಲ್ ಆಗಿಯೇ ನಿವೃತ್ತನಾದ.

*

ಮಣ್ಣು ಕೊಡುವ ಕುಣಿಯ ಹತ್ತಿರ ಬುದ್ಧನ ಪಂಚಶೀಲ ಹೇಳಿದ ಮೇಲೆ ಅಜಿತ ಎರಡು ಮಾತಾಡಲು ನಿಂತ. ಅಂಬಾದಾಸನ ಕೈಕೆಳಗೆ ಕೆಲಸ ಕಲಿತು, ಅವನ ಮನೆಯಲ್ಲೇ ಎಷ್ಟೋ ಸಲ ಉಂಡು ಬೆಳೆದವನು. ಈಗ ಅಂಬಾದಾಸ ಮೊದಲಿದ್ದ ಈ ಊರ ಠಾಣೆಯ ರೈಟರ್.

"ಬರಿಯೋದು ಕಲಿಸಿದವ್ರ ಇವ್ರು. ನಂಬಿ ಬಂದ ಮನಷ್ಯಾನ್ನ ಬರಿಗೈಲೆ ಕಳಸಬ್ಯಾಡ ಅಂತಿದ್ರು..." ಎಂದವನು ಅತ್ತುಬಿಟ್ಟ.

ಹಿಡಿ ಮಣ್ಣು ಹಾಕಿ ತಿರುಗಿದ ಸಂಘಮಿತ್ರಾ, "ಕಾಕಾ, ನಾ ಠಾಣೆಕ್ಕ ಹೋಗಿ ಬರ್ತೇನಿ" ಅಂದಳು.

ದೇವಾನಂದ ಸಿಡಿದ. "ತಲಿ ಕೆಟ್ಟೈತೇನ? ಮಣ್ಣಿಗೆ ಬಂದವರ ಮ್ಯಾಲೆ ಕಳ್ಳತನ ಹೊರಿಸಿದ್ರು ಅಂತಾರ ಮಂದಿ! ಸಾಲಿ ಟೀಚರ್ ಆಗಿ ಇಷ್ಟ ತಿಳಿಯಂಗಿಲ್ಲ?"

"ಇದಕ್ಕ ಅಂಜೇ ಯಾರೂ ಬರಸಿಲ್ಲ ಕಾಕಾ. ಅಪ್ಪನ ಮನಿಯವರೂ ಬರಸಲಿಲ್ಲಂದ್ರ ಹೆಂಗ?"

ಅವಳ ಕಣ್ಣು ನೋಡಿ ದೇವಾನಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

*

ಠಾಣೆಯ ಬೆಂಚಿನ ಮೇಲೆ ದೂರು ಕೊಡಲು ಬಂದ ಮೂರು ಜನ ಕೂತಿದ್ದರು. ಮಣ್ಣಿನಿಂದ ನೇರ ಡ್ಯೂಟಿಗೆ ಬಂದಿದ್ದ ಅಜಿತ ಅವಳನ್ನು ನೋಡಿ ಗಡಬಡಿಸಿ ಎದ್ದ, ಕುರ್ಚಿ ಕೊಟ್ಟ, ವಿಷಯ ಕೇಳಿದ.

"ನಾ ಹುಡುಕಸ್ತೇನ್ರಿ ಅಕ್ಕಾರ. ನನಗ ಬಿಡ್ರಿ."

"ಹುಡಕು. ಮೊದಲ ಬರಕೋ."

ಅಜಿತ ದನಿ ತಗ್ಗಿಸಿದ. "ಇವತ್ತ ತಿಂಗಳ ಕಡೀ ದಿನಾರಿ. ನಾಳೆ ಮೀಟಿಂಗ್ ಐತಿ. ಈ ತಿಂಗಳ ಸೈಕಲ್ ಕಳುವು ಸೊನ್ನಿ ಅಂತ ಸಾಹೇಬ್ರು ಮ್ಯಾಲ ಹೇಳಿಬಿಟ್ಟಾರ. ನಾಳೆ ಬರ್ರಿ, ಮೊದಲನೇ ಕೇಸ್ ನಿಮ್ದ ಹಾಕ್ತೇನಿ."

ಅವಳಿಗೆ ಬೆಳಗಿನಿಂದ ಹೊಟ್ಟೆಗೆ ನೀರಿಲ್ಲ. ಹೂಂ ಅಂದು ಎದ್ದು ಹೋದರೆ ಮುಗಿಯಿತು, ಒಂದು ದಿನದ ಮಾತು. ಆದರೆ ಅಪ್ಪ ಇಡೀ ಆಯುಷ್ಯ ಪೆಟ್ಟು ತಿಂದದ್ದು ಇಂಥ ಒಂದೊಂದು ದಿನದ ಮಾತಿಗೇ. ದುಃಖ, ಸಿಟ್ಟು ಎರಡೂ ಒಟ್ಟಿಗೆ ಉಕ್ಕಿ ಬಂದವು.

"ಕಳುವಾಗಿದ್ದು ಇವತ್ತ ಅಜಿತ. ನಾಳಿನ ತಾರೀಖ ಹಾಕಿದ್ರ ನಮ್ಮಪ್ಪನ್ನ ಇನ್ನೊಂದ ಸಲ ಟಿಕೋಟಾಕ್ಕ ಕಳಿಸಿದಂಗ. ಮಣ್ಣಿನ್ಯಾಗ ಅಷ್ಟ ಅತ್ತೆಲ್ಲಪಾ, ಅದು ಖರೇನ ಇತ್ತಿಲ್ಲೊ?"

ಅಜಿತನ ಮುಖ ಬಾಡಿತು. ಸಾಹೇಬರ ಕೋಣೆಯ ಬಾಗಿಲನ್ನೊಮ್ಮೆ ನೋಡಿದ. ಅವನಿಗೂ ಹೆಂಡತಿ ಮಕ್ಕಳಿದ್ದರು, ಬಡ್ತಿಯ ಆಸೆಯಿತ್ತು. ಕಡೆಗೆ ಕಂಪ್ಯೂಟರನ್ನು ತನ್ನತ್ತ ತಿರುಗಿಸಿಕೊಂಡ.

"ಹೇಳ್ರಿ. ಸೈಕಲ್ ಮಾಲಕರ ಹೆಸರು?"

"ಅಂಬಾದಾಸ."

"ಕೆಲಸ?"

"ರೈಟರ್."

ಅಜಿತ ಕಣ್ಣೊರೆಸಿಕೊಂಡು ಟೈಪ್ ಮಾಡಿದ. ಪ್ರಿಂಟು ತೆಗೆದು ಸಹಿ ಹಾಕಿಸಿಕೊಂಡು, ಒಂದು ಪ್ರತಿಯನ್ನು ಎದ್ದು ನಿಂತು ಎರಡೂ ಕೈಯಿಂದ ಕೊಟ್ಟ.

ಅಷ್ಟರಲ್ಲಿ ಬೆಂಚಿನಿಂದ ಒಬ್ಬ ಮುದುಕ ಎದ್ದ. ಸೊಪ್ಪು ಮಾರುವ ಲಾಲಸಾಬ.

"ಸಾಹೇಬ್ರ, ನಂದೂ ಸೈಕಲ್ಲರಿ. ಹನ್ನೆರಡ ದಿನ ಆತು, ನಾಕ ಸಲ ಬಂದ ಹೋಗೇನಿ. ಈಗ ಬರಕೋತೀರೇನ್ರಿ?"

ಅಜಿತ ತಲೆ ಎತ್ತಲಿಲ್ಲ. ಸಂಘಮಿತ್ರಾ ಎದ್ದು, ತಾನು ಕೂತ ಕುರ್ಚಿಯನ್ನು ಅವನ ಕಡೆ ಸರಿಸಿದಳು.

"ಕುಂದರ್ರಿ ಕಾಕಾ."

ಲಾಲಸಾಬ ಟೋಪಿ ಸರಿಮಾಡಿಕೊಂಡು ಕುರ್ಚಿಯ ತುದಿಯಲ್ಲಿ ಕೂತ. ಅವನ ಹಿಂದೆ ಬೆಂಚಿನ ಉಳಿದ ಇಬ್ಬರೂ ಎದ್ದು ಬಂದು ಸಾಲಾಗಿ ನಿಂತರು.