ಚಿಕ್ಕವಳು ಬಣ್ಣ ಆರಿಸಿದ್ದು

ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಕೊನೆಯವಳಿಗೆ ಹತ್ತೊಂಬತ್ತು ತುಂಬಿದರೂ ಎಲ್ಲರ ಬಾಯಲ್ಲೂ ಅವಳು ಚಿಕ್ಕವಳೇ. ದೊಡ್ಡಕ್ಕ ತೊಟ್ಟು ಬಿಟ್ಟ ಬಟ್ಟೆ ನಡುವಿನವಳಿಗೆ, ಅವಳು ಬಿಟ್ಟದ್ದು ಚಿಕ್ಕವಳಿಗೆ. ಬಟ್ಟೆಯಂತೆಯೇ ಅಭಿಪ್ರಾಯಗಳೂ ಇಳಿದು ಬರುತ್ತಿದ್ದವು. ಯಾವ ಸಿನಿಮಾ ಚೆನ್ನಾಗಿದೆ, ಯಾವ ಟೀಚರ್ ಸಿಡುಕಿ, ಜಡೆ ಎಷ್ಟುದ್ದ ಇರಬೇಕು, ಎಲ್ಲವನ್ನೂ ಅಕ್ಕಂದಿರು ಮೊದಲೇ ತೀರ್ಮಾನಿಸಿಟ್ಟಿದ್ದರು. ಏನು ಕೇಳಿದರೂ ಅವಳದು ಒಂದೇ ಉತ್ತರ: "ಯಾವ್ದಾದ್ರೂ ಆಗುತ್ತೆ." ಇಂಥ ಮಗಳು ಸಿಗಲು ಪುಣ್ಯ ಮಾಡಿರಬೇಕೆಂದು ಅಮ್ಮ ನೆರೆಯವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು.

ದೊಡ್ಡಕ್ಕ ಮದುವೆಯಾಗಿ ಹೋಗಿದ್ದಳು. ನಡುವಿನಕ್ಕನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದಾಗ ಅಕ್ಕತಂಗಿಯರ ಕೋಣೆ ಚಿಕ್ಕವಳೊಬ್ಬಳದೇ ಆಯಿತು. ಗೋಡೆಯೆಲ್ಲ ಮಾಸಿತ್ತು. ಅಪ್ಪ ಪೇಂಟರನ್ನು ಕರೆಸಿದರು.

"ಯಾವ ಬಣ್ಣ ಹೊಡೀಲಮ್ಮ?"

"ಯಾವ್ದಾದ್ರೂ ಆಗುತ್ತೆ."

"ಆ ಬಣ್ಣ ನನ್ನ ಹತ್ರ ಇಲ್ವಲ್ಲ ತಾಯಿ!" ಎಂದು ಪೇಂಟರ್ ನಕ್ಕ.

ಅಮ್ಮ ಕ್ರೀಮ್ ಬಣ್ಣ ಎಂದಳು. ಚಿಕ್ಕವಳು ತಲೆಯಾಡಿಸಿದಳು. ಸಂಜೆಯ ಹೊತ್ತಿಗೆ ಒಂದು ಗೋಡೆ ಮುಗಿದಿತ್ತು. ನೆಲದ ಮೇಲೆ ಕುಳಿತು ಅದನ್ನೇ ನೋಡಿದಳು. ಏನೋ ಕಿರಿಕಿರಿ. ಹಸಿವೇನೋ ಎಂದು ಬಿಸ್ಕತ್ತು ತಿಂದಳು, ಹೋಗಲಿಲ್ಲ. ಆಮೇಲೆ ಹೊಳೆಯಿತು: ಈ ಬಣ್ಣ ತನಗೆ ಒಂದಿಷ್ಟೂ ಇಷ್ಟವಿಲ್ಲ! ಏನೋ ಗೆದ್ದವಳಂತೆ ಅವಳಿಗೆ ನಗು ಬಂತು.

ಮರುದಿನ ಬೆಳಿಗ್ಗೆ ಒಬ್ಬಳೇ ಪೇಂಟ್ ಅಂಗಡಿಗೆ ಹೋದಳು. ಬಣ್ಣದ ಕಾರ್ಡುಗಳನ್ನು ತಿರುವುತ್ತಾ ಒಂದು ಕಡೆ ಕೈ ನಿಂತುಬಿಟ್ಟಿತು. ಆಗಷ್ಟೇ ಕೊಯ್ದ ಸಿಹಿಕುಂಬಳಕಾಯಿಯ ಒಳಗಿನ ಕಡು ಕಿತ್ತಳೆ ಬಣ್ಣ.

"ಇದಾ? ಮನೇಲಿ ಒಂದ್ಸಲ ಕೇಳ್ಕೊಂಡು ಬನ್ನಿ," ಎಂದ ಅಂಗಡಿಯವನು.

"ಕೋಣೆ ನಂದು. ಕೊಡಿ." ಹೇಳಿದ ಮೇಲೆ ಅವಳ ಕಿವಿಯೇ ಬಿಸಿಯಾಯಿತು.

ಡಬ್ಬದ ಮುಚ್ಚಳ ತೆಗೆದದ್ದೇ ತಡ, ಅಮ್ಮ ಹಣೆ ಚಚ್ಚಿಕೊಂಡಳು. "ಇದೇನು ಮನೇನೋ, ಸರ್ಕಸ್ ಡೇರೆನೋ?" ಫೋನಿನಲ್ಲಿ ದೊಡ್ಡಕ್ಕನಿಗೆ ದೂರು ಹೋಯಿತು. "ಏಯ್, ನಿನಗೆ ಒಪ್ಪೋದು ತಿಳಿ ಬಣ್ಣ. ಅಷ್ಟೂ ನನಗೆ ಗೊತ್ತಿಲ್ವಾ?" ಎಂದು ದೊಡ್ಡಕ್ಕ ಅಲ್ಲಿಂದಲೇ ಗದರಿದಳು.

"ನಿನಗೆ ಗೊತ್ತಿರೋದು ನಿನಗೆ ಒಪ್ಪೋದು ಅಕ್ಕಾ. ನನಗೇನು ಒಪ್ಪುತ್ತೆ ಅಂತ ನನಗೇ ಇವತ್ತು ಗೊತ್ತಾಗಿದ್ದು." ಚಿಕ್ಕವಳು ಫೋನಿನತ್ತ ಬಾಗಿ ಮಾತು ಪೂರ್ತಿ ಮುಗಿಸಿದಳು.

ಏಣಿಯ ಮೇಲಿದ್ದ ಪೇಂಟರ್ ಬ್ರಷ್ ಹಿಡಿದು ಕಾಯುತ್ತಿದ್ದ. "ಯಜಮಾನ್ರೇ, ನಾನು ಯಾರ ಮಾತು ಕೇಳ್ಲಿ?"

ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. "ಮಲಗೋರು ಯಾರೋ ಅವರ ಮಾತು ಕೇಳಪ್ಪ."

ನಾಲ್ಕೂ ಗೋಡೆ ಕುಂಬಳಕಾಯಿಯಾದವು. ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಬಿದ್ದದ್ದೇ ಕೋಣೆ ಕುಲುಮೆಯಂತೆ ಉರಿಯತೊಡಗಿತು, ಕಣ್ಣು ಬಿಡಲಾಗದು. ಅಮ್ಮ ಬಾಗಿಲಲ್ಲಿ ನಿಂತು, "ಅನುಭವಿಸು ಮಗಳೇ," ಎಂದಳು. ಚಿಕ್ಕವಳು ಎರಡು ದಿನ ಬಿಗುಮಾನದಿಂದ ಅನುಭವಿಸಿದಳು. ಮೂರನೆಯ ದಿನ ಪೇಂಟರನ್ನು ತಾನೇ ಕರೆಸಿ, ಕಿಟಕಿಯ ಎದುರಿನ ಗೋಡೆಯೊಂದನ್ನು ಉಳಿಸಿ, ಮಿಕ್ಕ ಮೂರಕ್ಕೂ ಬಿಳಿ ಹೊಡೆಸಿದಳು. ಅವಳಿಗೆ ನಾಚಿಕೆಯೇನೂ ಆಗಲಿಲ್ಲ. ಇಷ್ಟು ದಿನ ತಪ್ಪುಗಳು ಕೂಡ ಅಕ್ಕಂದಿರು ಮಾಡಿ ಬಿಟ್ಟಂಥವೇ ಅವಳಿಗೆ ಬರುತ್ತಿದ್ದವು. ಈ ತಪ್ಪು ಹೊಚ್ಚಹೊಸದು, ಸ್ವಂತದ್ದು, ತಿದ್ದಿದವಳೂ ತಾನೇ.

ಈಗ ಸಂಜೆಯಾದರೆ ಅಮ್ಮ ಸುಲಿಯಲು ಬಟಾಣಿಯ ತಟ್ಟೆ ಹಿಡಿದು ಆ ಕೋಣೆಗೇ ಬರುತ್ತಾಳೆ. "ಇಲ್ಲಿ ಬೆಳಕು ಚೆನ್ನಾಗಿದೆ, ಅಷ್ಟೇ," ಎನ್ನುತ್ತಾಳೆ.

"ಗೋಡೆಗೆ ಒರಗ್ಬೇಡಮ್ಮ, ತಲೆ ಎಣ್ಣೆ ಹತ್ತುತ್ತೆ."

"ಆಹಾ, ಬಾಯಿ ನೋಡು ಬಾಯಿ!" ಎನ್ನುತ್ತಾ ಅಮ್ಮ ಮುಂದಕ್ಕೆ ಸರಿದು, ಸುಲಿದ ಬಟಾಣಿಯನ್ನು ಮಗಳ ಬಾಯಿಗೆ ಹಾಕುತ್ತಾಳೆ.